ಮೊಬೈಲಿನ ಮೊಟಕು ಮಾತು

ನಮ್ಮ ಹಳೇಕೋಟೆ ಹೋಬಳಿ ಇರುವುದು ಹೊಳೆನರಸೀಪುರ ತಾಲ್ಲೂಕಿನಲ್ಲಿ. ಆದರೆ ಮಾತಾಡುವಾಗ ಎಷ್ಟು ಜನ ಪೂರಾ 'ಹೊಳೆನರಸೀಪುರ' ಅಂತಾರೆ? 'ಎಚ್.ಎನ್. ಪುರಕ್ಕೆ ಹೋಗಿದ್ದೆ' ಅಂತಾರೆ. ಚನ್ನರಾಯಪಟ್ಟಣವಂತೂ 'ಸಿ.ಆರ್. ಪಟ್ಣ' ಆಗಿಬಿಟ್ಟಿದೆ. ಹೆಸರು ಉದ್ದವಾಯಿತು. ಬಾಯಿಗೂ ಬೋರ್ಡಿಗೂ ಚಿಕ್ಕದು ಬೇಕಾಯಿತು. ಮೊದಲ ಅಕ್ಷರಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟೆವು.

ಮೊಬೈಲಿನಲ್ಲಿ ಬರುವ ಮೊಟಕು ಮಾತುಗಳೂ ಇಂಥವೇ. ಎಲ್.ಒ.ಎಲ್., ಎಚ್.ಬಿ.ಡಿ., ಒ.ಟಿ.ಪಿ., ಕೆ.ವೈ.ಸಿ. ಹೀಗೆ ಏನೇನೋ ಬರುತ್ತವೆ. ಬರೀ ಚುಕ್ಕಿ, ಗೆರೆಗಳೂ ಬರುತ್ತವೆ. 'ಅಕ್ಷರ ಕಲಿತೆ. ಓದೋಕೆ ಬರುತ್ತೆ. ಆದರೂ ಇದು ಅರ್ಥ ಆಗಲ್ವಲ್ಲ' ಅಂತ ಬೇಜಾರಾಗುತ್ತೆ. ಬೇಜಾರು ಬೇಡ. ಇದು ನಿಮ್ಮ ಓದಿನ ಕೊರತೆ ಅಲ್ಲ. ಮೊಟಕು ಮಾತನ್ನು ಯಾರಾದರೂ ಒಮ್ಮೆ ಬಿಡಿಸಿ ಹೇಳಬೇಕು. ಹೇಳದಿದ್ದರೆ ಬಿ.ಎ. ಓದಿದವರಿಗೂ ಅರ್ಥ ಆಗದು.

ಇವುಗಳಲ್ಲಿ ಎರಡು ಜಾತಿ. ಒಂದು, ನಗುವುದಕ್ಕೆ, ಕುಶಾಲಿಗೆ ಬಳಸುವವು. ಗೊತ್ತಿಲ್ಲದಿದ್ದರೆ ನಷ್ಟವೇನೂ ಇಲ್ಲ. ಇನ್ನೊಂದು, ನಮ್ಮ ದುಡ್ಡು, ಜಮೀನು, ಮಾತಿಗೆ ಸಂಬಂಧಪಟ್ಟವು. ಅವು ಗೊತ್ತಿಲ್ಲದಿದ್ದರೆ ನಷ್ಟ ಉಂಟು. ಎರಡನ್ನೂ ತಿಳಿಯೋಣ.

ಮೊಟಕು ಮಾಡುವುದು ಹೊಸದೇನಲ್ಲ

ಲಗ್ನಪತ್ರಿಕೆ ಓದಿದ್ದೀರಲ್ಲ? ಗಂಡಿನ ಹೆಸರಿನ ಮುಂದೆ 'ಚಿ.' ಅಂತ ಇರುತ್ತೆ. ಅಂದರೆ ಚಿರಂಜೀವಿ. ಹೆಣ್ಣಿನ ಹೆಸರಿನ ಮುಂದೆ 'ಚಿ. ಸೌ.' ಅಂತ ಇರುತ್ತೆ. ಸೌ. ಅಂದರೆ ಸೌಭಾಗ್ಯವತಿ. ತೀರಿಕೊಂಡವರ ಹೆಸರಿನ ಮುಂದೆ 'ದಿ.' ಅಂತ ಹಾಕುತ್ತಾರೆ. ದಿವಂಗತ ಅಂತ ಅರ್ಥ. 'ಕಿ.ಮೀ.' ಅಂದರೆ ಕಿಲೋಮೀಟರ್. 'ರೂ.' ಅಂದರೆ ರೂಪಾಯಿ.

ಪಹಣಿಯನ್ನು 'ಆರ್.ಟಿ.ಸಿ.' ಅಂತಲೂ ಕರೆಯುತ್ತಾರೆ. ರೆಕಾರ್ಡ್ ಆಫ್ ರೈಟ್ಸ್, ಟೆನೆನ್ಸಿ ಅಂಡ್ ಕ್ರಾಪ್ಸ್ ಎಂಬ ಇಂಗ್ಲಿಷ್ ಮಾತಿನ ಮೊಟಕು ರೂಪ ಅದು. ಹಕ್ಕು, ಗೇಣಿ ಮತ್ತು ಬೆಳೆಯ ದಾಖಲೆ ಅಂತ ಅರ್ಥ. ಡೇರಿಗೆ ಹಾಲು ಹಾಕಿದಾಗ ಕೊಡುವ ಚೀಟಿಯಲ್ಲಿ 'ಎಸ್.ಎನ್.ಎಫ್.' ಅಂತ ಇರುತ್ತೆ. ಹಾಲಿನಲ್ಲಿರುವ ನೀರು ಮತ್ತು ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ ಅದು. ಹಾಲಿಗೆ ರೇಟು ಕಟ್ಟುವಾಗ ಕೊಬ್ಬಿನ ಜೊತೆ ಇದನ್ನೂ ನೋಡುತ್ತಾರೆ. ಹಾಸನ ಹಾಲು ಒಕ್ಕೂಟಕ್ಕೆ 'ಹಾಮೂಲ್' ಅನ್ನುವ ಹೆಸರು ಬಂದದ್ದೂ ಇಂಗ್ಲಿಷ್ ಹೆಸರನ್ನು ಮೊಟಕು ಮಾಡಿಯೇ.

ಟೆಲಿಗ್ರಾಂ ಅಂದರೆ ತಂತಿ ನೆನಪಿದೆಯೇ? ಅದಕ್ಕೆ ಪದದ ಲೆಕ್ಕದಲ್ಲಿ ದುಡ್ಡು. ಒಂದು ಪದ ಹೆಚ್ಚಾದರೆ ಕಾಸೂ ಹೆಚ್ಚು. ಆದ್ದರಿಂದ ಜನ ಎರಡು ಮೂರು ಪದಗಳಲ್ಲೇ ಸುದ್ದಿ ಮುಗಿಸುತ್ತಿದ್ದರು. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತಿತು. ಮೊಟಕು ಮಾಡುವ ಅಭ್ಯಾಸ ಮಾತ್ರ ನಿಲ್ಲಲಿಲ್ಲ. ಅದು ಮೊಬೈಲಿಗೆ ಬಂತು.

ಮೊಬೈಲಿಗೆ ಹೇಗೆ ಬಂತು?

ಮೊಬೈಲಿನಲ್ಲಿ ಬರೆದು ಕಳಿಸುವ ಚಿಕ್ಕ ಸುದ್ದಿಗೆ ಎಸ್.ಎಂ.ಎಸ್. ಅಂತ ಹೆಸರು. ಈ ಹೆಸರೇ ಮೊಟಕು. ಶಾರ್ಟ್ ಮೆಸೇಜ್ ಸರ್ವಿಸ್, ಅಂದರೆ ಕಿರು ಸಂದೇಶ ಸೇವೆ. ಪ್ರಪಂಚದ ಮೊದಲ ಎಸ್.ಎಂ.ಎಸ್. ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರ್ ಅದನ್ನು ಕಳಿಸಿದರು. ಕ್ರಿಸ್‌ಮಸ್ ಹಬ್ಬದ ಶುಭಾಶಯ ಅದರಲ್ಲಿತ್ತು.

ಒಂದು ಎಸ್.ಎಂ.ಎಸ್.ನಲ್ಲಿ ಇಂಗ್ಲಿಷಿನ 160 ಅಕ್ಷರ ಮಾತ್ರ ಹಿಡಿಯುತ್ತೆ. ಕನ್ನಡದಲ್ಲಿ ಬರೆದರೆ 70 ಮಾತ್ರ. ಅದರಲ್ಲೂ ಕೊಂಬು, ದೀರ್ಘ, ಒತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 'ಅಮ್ಮ' ಅನ್ನುವುದು ನಮ್ಮ ಕಣ್ಣಿಗೆ ಎರಡು ಅಕ್ಷರ. ಮೊಬೈಲಿನ ಲೆಕ್ಕದಲ್ಲಿ ನಾಲ್ಕು: ಅ, ಮ, ಒತ್ತು ಕೊಡುವ ಗುರುತು, ಮತ್ತೊಂದು ಮ.

ಹಳೆಯ ಗುಂಡಿ ಮೊಬೈಲಿನಲ್ಲಿ ಇನ್ನೊಂದು ಕಷ್ಟ ಇತ್ತು. ಒಂದು ಗುಂಡಿಯಲ್ಲಿ ಮೂರು ನಾಲ್ಕು ಅಕ್ಷರ. ಇಂಗ್ಲಿಷಿನ ಎಸ್ ಬೇಕಾದರೆ 7ರ ಗುಂಡಿಯನ್ನು ನಾಲ್ಕು ಸಲ ಒತ್ತಬೇಕು. ಬೆರಳು ಸೋಲುತ್ತಿತ್ತು. ಒಂದೊಂದು ಸಂದೇಶಕ್ಕೂ ಕಾಸು ಹೋಗುತ್ತಿತ್ತು. ಜಾಗ ಕಮ್ಮಿ, ಕಾಸು ಕಮ್ಮಿ, ಬೆರಳಿಗೆ ನೋವು. ಹುಡುಗರು ಮಾತನ್ನು ಮೊಟಕು ಮಾಡಿದರು. ಈಗ ವಾಟ್ಸಾಪಿನಲ್ಲಿ ಎಷ್ಟು ಉದ್ದ ಬೇಕಾದರೂ ಬರೆಯಬಹುದು. ಆದರೂ ಅಭ್ಯಾಸ ಉಳಿದಿದೆ.

ಬೆಲೆಯೋ, ಬೆಳೆಯೋ?

ಬಹಳ ಮೊಬೈಲುಗಳಲ್ಲಿ ಮೊದಲು ಕನ್ನಡ ಅಕ್ಷರವೇ ಇರಲಿಲ್ಲ. ಜನ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಈಗಲೂ ಬರೆಯುತ್ತಾರೆ. ಇದರಲ್ಲಿ ಒಂದು ತೊಡಕಿದೆ.

ಇಂಗ್ಲಿಷಿನಲ್ಲಿ ಲ ಮತ್ತು ಳ ಎರಡಕ್ಕೂ ಒಂದೇ ಅಕ್ಷರ. ಬೆ ಮತ್ತು ಬೇ ಎರಡನ್ನೂ ಒಂದೇ ಥರ ಬರೆಯುತ್ತಾರೆ. ಆಗ ಬೆಲೆ, ಬೆಳೆ, ಬೇಳೆ ಮೂರೂ ಒಂದೇ ಆಗಿಬಿಡುತ್ತವೆ. 'ರಾಗಿ ಬೆಳೆ ಬಿತ್ತು' ಅಂತ ಊರಿಂದ ಮಗನಿಗೆ ಸುದ್ದಿ ಹೋಯಿತು ಅನ್ನಿ. ಇಂಗ್ಲಿಷ್ ಅಕ್ಷರದಲ್ಲಿ ಓದಿದ ಮಗ ಏನು ತಿಳಿಯಬೇಕು? ಮಳೆಗೆ ಪೈರು ಮಲಗಿತೋ, ಸಂತೆಯಲ್ಲಿ ರೇಟು ಇಳಿಯಿತೋ? ಹಳ್ಳಿ ಮತ್ತು ಹಲ್ಲಿಗೂ ಇದೇ ಗತಿ.

ನೀವು ಕನ್ನಡ ಅಕ್ಷರ ಕಲಿತಿದ್ದೀರಿ. ಈಗಿನ ಮೊಬೈಲುಗಳಲ್ಲಿ ಕನ್ನಡ ಇದೆ. ಮನೆಯ ಮಕ್ಕಳಿಗೆ ಹೇಳಿ ಕನ್ನಡದ ಕೀಲಿಮಣೆ ಹಾಕಿಸಿಕೊಳ್ಳಿ. ಬರೆಯಲು ಕಷ್ಟವಾದರೆ ಮೈಕಿನ ಗುರುತು ಒತ್ತಿ ಮಾತಾಡಿ. ಕಳಿಸುವ ಮೊದಲು ಒಮ್ಮೆ ಓದಿ ನೋಡಿ.

ಮಕ್ಕಳು ಬಳಸುವ ಮೊಟಕು ಮಾತುಗಳು

ಜಿ.ಎಂ. ಅಂದರೆ ಗುಡ್ ಮಾರ್ನಿಂಗ್. ಬೆಳಗಿನ ನಮಸ್ಕಾರ.
ಜಿ.ಎನ್. ಅಂದರೆ ಗುಡ್ ನೈಟ್. ರಾತ್ರಿ ಮಲಗುವಾಗ ಹೇಳುವುದು.
ಎಚ್.ಬಿ.ಡಿ. ಅಂದರೆ ಹ್ಯಾಪಿ ಬರ್ತ್‌ಡೇ. ಹುಟ್ಟುಹಬ್ಬದ ಶುಭಾಶಯ.
ಟಿ.ಕ್ಯೂ. ಅಂದರೆ ಥ್ಯಾಂಕ್ಯೂ. ಉಪಕಾರ ಆಯಿತು ಅಂತ.
ಬಿ.ಆರ್.ಬಿ. ಅಂದರೆ ಈಗ ಹೋಗಿ ಬೇಗ ಬರ್ತೀನಿ ಅಂತ.
ಎ.ಎಸ್.ಎ.ಪಿ. ಅಂದರೆ ಆದಷ್ಟು ಬೇಗ ಅಂತ.
ಒ.ಎಂ.ಜಿ. ಅಂದರೆ ಓ ಮೈ ಗಾಡ್. ನಾವು 'ಅಯ್ಯೋ ದೇವರೇ' ಅನ್ನುವ ಹಾಗೆ.
ಡಿ.ಪಿ. ಅಂದರೆ ವಾಟ್ಸಾಪಿನಲ್ಲಿ ಹೆಸರಿನ ಪಕ್ಕ ಕಾಣುವ ಫೋಟೋ.
ಆರ್.ಐ.ಪಿ. ಅಂದರೆ ಸತ್ತವರ ಆತ್ಮಕ್ಕೆ ಶಾಂತಿ ಸಿಗಲಿ ಅಂತ.

ಬರೀ 'ಕೆ' ಅಂತ ಒಂದೇ ಅಕ್ಷರ ಬಂದರೆ ಓಕೆ ಅಂತ ತಿಳಿಯಿರಿ. ಓಕೆ ಕೂಡ ಮೊಟಕು ಮಾತೇ. 1839ರಲ್ಲಿ ಅಮೆರಿಕದ ಬಾಸ್ಟನ್ ನಗರದ ಒಂದು ಪತ್ರಿಕೆ 'ಎಲ್ಲ ಸರಿ' ಅನ್ನುವ ಇಂಗ್ಲಿಷ್ ಮಾತನ್ನು ತಮಾಷೆಗೆ ತಪ್ಪು ಕಾಗುಣಿತದಲ್ಲಿ ಮೊಟಕು ಮಾಡಿ ಅಚ್ಚು ಹಾಕಿತು. ಅದೇ ಓಕೆ. ಇವತ್ತು ಹೊಲದಲ್ಲಿ ದನ ಹೊಡೆಯುವವರೂ ಓಕೆ ಅಂತಾರೆ. ಒ.ಎಂ.ಜಿ. ಕೂಡ ಈಗಿನ ಹುಡುಗರ ಸೃಷ್ಟಿ ಅಲ್ಲ. ಇಂಗ್ಲೆಂಡಿನ ನೌಕಾಪಡೆಯ ಹಿರಿಯ ಅಧಿಕಾರಿ ಲಾರ್ಡ್ ಫಿಶರ್ 1917ರಲ್ಲೇ ವಿನ್‌ಸ್ಟನ್ ಚರ್ಚಿಲ್‌ಗೆ ಬರೆದ ಕಾಗದದಲ್ಲಿ ಅದನ್ನು ಬಳಸಿದ್ದರು.

ಒಂದು ಮಾತು ನೆನಪಿಡಿ. ಒಂದೇ ಮೊಟಕು ಮಾತಿಗೆ ಹಲವು ಅರ್ಥ ಇರಬಹುದು. 'ಟಿ.ಸಿ.' ನೋಡಿ. ಸ್ಕೂಲಿನಲ್ಲಿ ಅದು ವರ್ಗಾವಣೆ ಪತ್ರ. ರೈಲಿನಲ್ಲಿ ಟಿಕೆಟ್ ನೋಡುವವರು. ಮೊಬೈಲಿನಲ್ಲಿ 'ಟೇಕ್ ಕೇರ್', ಅಂದರೆ ಹುಷಾರಾಗಿರು ಅಂತ. ಯಾರು ಬರೆದರು, ಯಾವ ಮಾತಿನ ನಡುವೆ ಬರೆದರು ಅಂತ ನೋಡಿ ಅರ್ಥ ಮಾಡಬೇಕು.

ಚುಕ್ಕಿ, ಗೆರೆಯ ಮುಖ

ಅಜ್ಜಿ: ಇದೇನ್ ಮಗಾ, ನಿಮ್ಮಣ್ಣ ಬರೀ ಚುಕ್ಕಿ ಗೆರೆ ಕಳ್ಸವ್ನೆ? ಮೊಬೈಲು ಕೆಟ್ಟೋಯ್ತಾ?
ಮೊಮ್ಮಗಳು: ಕೆಟ್ಟಿಲ್ಲ ಕಣಜ್ಜಿ. ಅದು ಮುಖ. ತಲೆ ಎಡಕ್ಕೆ ವಾಲ್ಸಿ ನೋಡು.
ಅಜ್ಜಿ: ಎರಡು ಚುಕ್ಕಿ ಕಣ್ಣು. ಗೆರೆ ಮೂಗು. ಕಂಸ ಬಾಯಿ. ಅಯ್ ಶಿವನೇ, ನಗ್ತಾ ಅವ್ನೆ!

ನೀವೂ ನೋಡಿ.

:-) ನಗುವ ಮುಖ. ಸಂತೋಷ, ಇಲ್ಲವೇ ತಮಾಷೆ.
:-( ಬಾಯಿ ಕೆಳಗಾದ ಮುಖ. ಬೇಸರ.
;-) ಒಂದು ಕಣ್ಣು ಮುಚ್ಚಿದೆ. ಸುಮ್ಮನೆ ಕುಶಾಲು ಅಂತ.
:'( ಕಣ್ಣೀರು ಇಳಿಯುತ್ತಿದೆ. ಅಳು.
<3 ಅಡ್ಡ ಮಲಗಿದ ಹೃದಯ. ಪ್ರೀತಿ. ಇದನ್ನು ನೋಡಲು ಮಾತ್ರ ತಲೆಯನ್ನು ಬಲಕ್ಕೆ ವಾಲಿಸಿ.
^_^ ನಗುವ ಕಣ್ಣು. ಇದನ್ನು ನೇರವಾಗಿಯೇ ನೋಡಬೇಕು.

ನಗುವ ಮುಖ ಮತ್ತು ಬೇಸರದ ಮುಖದ ಗುರುತುಗಳನ್ನು ಸೂಚಿಸಿದವರು ಅಮೆರಿಕದ ಸ್ಕಾಟ್ ಫಾಲ್‌ಮನ್. ಅವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ. ಅಲ್ಲಿನವರು ಕಂಪ್ಯೂಟರಿನ ಮೂಲಕ ಒಬ್ಬರಿಗೊಬ್ಬರು ಬರೆಯುತ್ತಿದ್ದರು. ತಮಾಷೆಗೆ ಬರೆದದ್ದನ್ನು ಕೆಲವರು ನಿಜ ಅಂತ ತಿಳಿದು ಜಗಳ ಆಡುತ್ತಿದ್ದರು. ತಮಾಷೆಯಾದರೆ ನಗುವ ಮುಖ ಹಾಕಿ, ತಮಾಷೆ ಅಲ್ಲದಿದ್ದರೆ ಇನ್ನೊಂದು ಮುಖ ಹಾಕಿ ಅಂತ 1982ರ ಸೆಪ್ಟೆಂಬರ್ 19ರಂದು ಫಾಲ್‌ಮನ್ ಬರೆದರು.

ಇದರ ಕಾರಣ ನಮಗೆ ಸುಲಭವಾಗಿ ಅರ್ಥ ಆಗುತ್ತೆ. ಜಗಲಿ ಮೇಲೆ ಕೂತು 'ನೀನು ಭಾರಿ ಬುದ್ಧಿವಂತ ಬಿಡು' ಅಂದರೆ, ಹೇಳಿದವರ ಮುಖ ನೋಡಿದರೇ ಗೊತ್ತಾಗುತ್ತೆ ಅದು ಹೊಗಳಿಕೆಯೋ, ಗೇಲಿಯೋ ಅಂತ. ಬರೆದ ಮಾತಿಗೆ ಮುಖ ಇಲ್ಲ, ಧ್ವನಿ ಇಲ್ಲ. ಅದಕ್ಕೇ ಪಕ್ಕದಲ್ಲಿ ಒಂದು ಮುಖ ಬರೆದರು.

ಆಮೇಲೆ ಬಣ್ಣದ ಚಿತ್ರಗಳು ಬಂದವು. ಅವಕ್ಕೆ ಎಮೋಜಿ ಅಂತ ಹೆಸರು. ಇದು ಜಪಾನೀ ಮಾತು. 'ಎ' ಅಂದರೆ ಚಿತ್ರ. 'ಮೋಜಿ' ಅಂದರೆ ಅಕ್ಷರ. 1999ರಲ್ಲಿ ಜಪಾನಿನ ಶಿಗೆತಾಕ ಕುರಿತ ಎಂಬುವರು ಅಲ್ಲಿನ ಒಂದು ಮೊಬೈಲ್ ಕಂಪನಿಗೆ 176 ಚಿತ್ರಗಳನ್ನು ಮಾಡಿಕೊಟ್ಟರು. ಈಗ ಸಾವಿರಾರು ಚಿತ್ರಗಳಿವೆ.

ತಪ್ಪು ತಿಳಿದರೆ ಏನಾಗುತ್ತೆ?

ಎಲ್.ಒ.ಎಲ್. ಅಂದರೆ ಜೋರಾಗಿ ನಗುತ್ತಿದ್ದೇನೆ ಅಂತ. ಇದನ್ನು ತಪ್ಪು ತಿಳಿದವರಲ್ಲಿ ಇಂಗ್ಲೆಂಡಿನ ಪ್ರಧಾನಿಯೂ ಇದ್ದರು. 2010ರಿಂದ 2016ರವರೆಗೆ ಡೇವಿಡ್ ಕ್ಯಾಮರಾನ್ ಅಲ್ಲಿ ಪ್ರಧಾನಿ. ಪರಿಚಯದ ಪತ್ರಿಕೋದ್ಯಮಿ ರೆಬೆಕಾ ಬ್ರೂಕ್ಸ್‌ಗೆ ಕಳಿಸುವ ಸಂದೇಶದ ಕೊನೆಗೆ ಅವರು ಎಲ್.ಒ.ಎಲ್. ಅಂತ ಹಾಕುತ್ತಿದ್ದರಂತೆ. ಅದರ ಅರ್ಥ 'ಬಹಳ ಪ್ರೀತಿಯಿಂದ' ಅಂತ ಅವರು ತಿಳಿದಿದ್ದರು. 2012ರಲ್ಲಿ ಒಂದು ವಿಚಾರಣಾ ಆಯೋಗದ ಮುಂದೆ ಬ್ರೂಕ್ಸ್ ಅವರೇ ಈ ವಿಷಯ ಹೇಳಿದರು. ದೇಶ ಆಳುವವರಿಗೂ ಗೊತ್ತಿರಲಿಲ್ಲ ಅಂದಮೇಲೆ, ನಾವು ಕೇಳಿ ತಿಳಿಯುವುದರಲ್ಲಿ ನಾಚಿಕೆ ಏಕೆ?

ಆದರೆ ಇದನ್ನು ಸಾವಿನ ಸುದ್ದಿಗೆ ಉತ್ತರವಾಗಿ ಕಳಿಸಿದರೆ? ನಗುವಿನಿಂದ ಕಣ್ಣೀರು ಬರುವ ಮುಖದ ಎಮೋಜಿ ಇದೆ. ಅದನ್ನು ಅಳುವ ಮುಖ ಅಂತ ತಿಳಿದು ಕಳಿಸಿದರೆ? ನೊಂದವರು ಇನ್ನಷ್ಟು ನೊಂದುಕೊಳ್ಳುತ್ತಾರೆ. ಆ ಮುಖದ ಬಾಯಿ ನೋಡಿ. ಹಲ್ಲು ಕಂಡರೆ ಅದು ನಗು. ಸಾವಿನ ಸುದ್ದಿಗೆ ಮೊಟಕು ಮಾತು, ಚಿತ್ರ ಎರಡೂ ಬೇಡ. ಕನ್ನಡದಲ್ಲಿ ಎರಡು ಮಾತು ಬರೆಯಿರಿ. ಇಲ್ಲವೇ ಫೋನ್ ಮಾಡಿ.

ಮೊಬೈಲಿನಲ್ಲೂ ಒಂದು ಹೆಬ್ಬೆಟ್ಟು

ಓದು ಬರಹ ಬಾರದಿದ್ದಾಗ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಏನು ಬರೆದಿದೆ ಅಂತ ತಿಳಿಯದೆ ಒತ್ತಿ ಜಮೀನು ಕಳೆದುಕೊಂಡವರಿದ್ದಾರೆ. ಈಗ ಸಹಿ ಕಲಿತಿದ್ದೇವೆ. ಆದರೆ ಮೊಬೈಲಿನಲ್ಲಿ ಹೆಬ್ಬೆಟ್ಟು ಮತ್ತೆ ಬಂದಿದೆ. ಮೇಲಕ್ಕೆ ಎತ್ತಿದ ಹೆಬ್ಬೆಟ್ಟಿನ ಎಮೋಜಿ ಅದು. 'ಸರಿ', 'ಒಪ್ಪಿಗೆ', 'ನೋಡಿದೆ' ಹೀಗೆ ಬೇರೆ ಬೇರೆ ಅರ್ಥದಲ್ಲಿ ಜನ ಅದನ್ನು ಒತ್ತುತ್ತಾರೆ.

ಕೆನಡಾ ದೇಶದ ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿ ನಡೆದದ್ದು ಕೇಳಿ. 2021ರಲ್ಲಿ ಧಾನ್ಯ ಕೊಳ್ಳುವ ಒಂದು ಕಂಪನಿ ಒಬ್ಬ ರೈತನಿಗೆ ಅಗಸೆ ಖರೀದಿಯ ಕರಾರು ಪತ್ರದ ಫೋಟೋ ಕಳಿಸಿತು. ದಯವಿಟ್ಟು ಖಾತ್ರಿ ಮಾಡಿ ಅಂತ ಬರೆಯಿತು. ರೈತ ಹೆಬ್ಬೆಟ್ಟಿನ ಎಮೋಜಿ ಕಳಿಸಿದ. ಆಮೇಲೆ ಅಗಸೆಯ ಬೆಲೆ ಏರಿತು. ರೈತ ಮಾಲು ಕೊಡಲಿಲ್ಲ. ವ್ಯಾಜ್ಯ ಕೋರ್ಟಿಗೆ ಹೋಯಿತು. 'ಕರಾರು ನನಗೆ ಬಂದು ಮುಟ್ಟಿತು ಅಂತ ತಿಳಿಸಲು ಹೆಬ್ಬೆಟ್ಟು ಕಳಿಸಿದೆ, ಒಪ್ಪಿಗೆ ಅಂತಲ್ಲ' ಅಂದ ರೈತ. ಆ ಹೆಬ್ಬೆಟ್ಟು ಸಹಿಗೆ ಸಮ ಅಂತ 2023ರಲ್ಲಿ ನ್ಯಾಯಾಧೀಶರು ತೀರ್ಪು ಕೊಟ್ಟರು. ರೈತ 82 ಸಾವಿರ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕಾಯಿತು. ನಮ್ಮ ದುಡ್ಡಿನಲ್ಲಿ ಸುಮಾರು 50 ಲಕ್ಷ ರೂಪಾಯಿ. 2024ರಲ್ಲಿ ಮೇಲಿನ ಕೋರ್ಟೂ ಅದೇ ತೀರ್ಪನ್ನು ಎತ್ತಿಹಿಡಿಯಿತು.

ಆ ರೈತನಿಗೂ ಆ ಕಂಪನಿಗೂ ಹಿಂದೆಯೂ ವ್ಯವಹಾರ ಇತ್ತು. ಆಗೆಲ್ಲ ಆತ 'ಓಕೆ' ಅಂತ ಚಿಕ್ಕ ಉತ್ತರ ಕೊಟ್ಟು ಮಾಲು ಕಳಿಸಿದ್ದ. ಕೋರ್ಟು ಅದನ್ನೂ ನೋಡಿತು. ನಮ್ಮ ದೇಶದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಇದೆ. ಕರಾರು ಮೊಬೈಲು, ಕಂಪ್ಯೂಟರಿನ ಮೂಲಕ ಆಯಿತು ಎಂಬ ಒಂದೇ ಕಾರಣಕ್ಕೆ ಅದು ಬಿದ್ದುಹೋಗುವುದಿಲ್ಲ ಅಂತ ಈ ಕಾಯ್ದೆ ಹೇಳುತ್ತೆ.

ನಮ್ಮಲ್ಲೂ ಆಲೂಗೆಡ್ಡೆ, ಶುಂಠಿ, ತೆಂಗಿನಕಾಯಿ ವ್ಯಾಪಾರ ಮೊಬೈಲಿನಲ್ಲೇ ಕುದುರುತ್ತೆ. 'ಕ್ವಿಂಟಾಲಿಗೆ ಇಷ್ಟು, ಆಗಬಹುದಾ?' ಅಂತ ಬಂದರೆ ಸುಮ್ಮನೆ ಹೆಬ್ಬೆಟ್ಟು ಒತ್ತಬೇಡಿ. 'ನೋಡಿದೆ, ನಾಳೆ ಹೇಳ್ತೀನಿ' ಅಂತ ಬರೆಯಿರಿ. ಒಪ್ಪಿಗೆ ಆದರೆ ತೂಕ, ಬೆಲೆ, ತಾರೀಖು ಮೂರನ್ನೂ ಬರೆದು 'ಒಪ್ಪಿದೆ' ಅನ್ನಿ.

ದುಡ್ಡಿನ ಮೊಟಕು ಮಾತುಗಳು

ಬ್ಯಾಂಕಿನಿಂದ ಬರುವ ಎಸ್.ಎಂ.ಎಸ್.ನಲ್ಲಿ 'ಸಿ.ಆರ್.' ಅಂತ ಇದ್ದರೆ ಅದು ಪಟ್ಟಣದ ಹೆಸರಲ್ಲ. ಕ್ರೆಡಿಟ್, ಅಂದರೆ ನಿಮ್ಮ ಖಾತೆಗೆ ಜಮಾ. 'ಡಿ.ಆರ್.' ಅಂದರೆ ಡೆಬಿಟ್. ನಿಮ್ಮ ಖಾತೆಯಿಂದ ಹಣ ಹೋಯಿತು ಅಂತ. ಇವೆರಡನ್ನೂ ಗುರುತಿಸಲು ಕಲಿಯಿರಿ. ನೀವು ತೆಗೆಯದೆ ಡಿ.ಆರ್. ಬಂದರೆ ಆ ದಿನವೇ ಬ್ಯಾಂಕಿಗೆ ತಿಳಿಸಿ.

ಒ.ಟಿ.ಪಿ.: ಒಂದೇ ಸಲಕ್ಕೆ ಬಳಸುವ ಗುಟ್ಟಿನ ಸಂಖ್ಯೆ. ಇದು ಹಣದ ಪೆಟ್ಟಿಗೆಯ ಬೀಗದ ಕೈ ಇದ್ದ ಹಾಗೆ. ಫೋನಿನಲ್ಲಿ ಯಾರು ಕೇಳಿದರೂ ಹೇಳಬಾರದು.

ಯು.ಪಿ.ಐ.: ಮೊಬೈಲಿನಿಂದ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹಣ ಕಳಿಸುವ ವ್ಯವಸ್ಥೆ. ನಮ್ಮ ದೇಶದಲ್ಲಿ 2016ರಲ್ಲಿ ಶುರುವಾಯಿತು.

ಪಿನ್: ಹಣ ಕಳಿಸುವಾಗ ನೀವು ಒತ್ತುವ ಗುಟ್ಟಿನ ಸಂಖ್ಯೆ. ಯು.ಪಿ.ಐ.ನಲ್ಲಿ ಹಣ ಪಡೆಯಲು ಪಿನ್ ಬೇಡ. 'ನಿಮಗೆ ದುಡ್ಡು ಬರುತ್ತೆ, ಪಿನ್ ಒತ್ತಿ' ಅಂದರೆ ಅದು ಮೋಸ.

ಕೆ.ವೈ.ಸಿ.: ಗ್ರಾಹಕರು ಯಾರು ಅಂತ ಬ್ಯಾಂಕಿನವರು ದಾಖಲೆ ನೋಡಿ ಖಾತ್ರಿ ಮಾಡಿಕೊಳ್ಳುವುದು. ಇದು ನಿಜವಾದ ಕೆಲಸವೇ. ಆದರೆ ಇದರ ಹೆಸರು ಹೇಳಿ ಮೋಸ ಮಾಡುವವರು ಬಹಳ. ಬ್ಯಾಂಕಿಗೆ ನೀವೇ ಹೋಗಿ ಮಾಡಿಸಿ.

ಎ.ಪಿ.ಕೆ.: ಮೊಬೈಲಿಗೆ ಹೊಸ ಆ್ಯಪ್ ಸೇರಿಸುವ ಫೈಲು. ಮದುವೆ ಕಾಗದ, ಬ್ಯಾಂಕ್ ನೋಟಿಸು ಅಂತ ಹೆಸರಿಟ್ಟು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಒತ್ತಿದರೆ ಕಳ್ಳ ಆ್ಯಪ್ ಮೊಬೈಲಿನೊಳಗೆ ಕೂತು ನಿಮ್ಮ ಒ.ಟಿ.ಪಿ.ಗಳನ್ನು ಓದಬಹುದು. ಫೈಲಿನ ಹೆಸರಿನ ಕೊನೆಗೆ ಈ ಮೂರು ಅಕ್ಷರ ಕಂಡರೆ ಮುಟ್ಟಬೇಡಿ. ಅದು ಲಗ್ನಪತ್ರಿಕೆ ಅಲ್ಲ.

ಇಂಥ ಒಂದು ಕರೆ ಹೀಗಿರುತ್ತೆ:

ಕರೆ ಮಾಡಿದವನು: ಅಮ್ಮಾ, ಬ್ಯಾಂಕಿನಿಂದ ಮಾತಾಡ್ತಾ ಇದ್ದೀವಿ. ನಿಮ್ಮ ಕೆ.ವೈ.ಸಿ. ಆಗಿಲ್ಲ. ಇವತ್ತೇ ಖಾತೆ ಬಂದ್ ಆಗುತ್ತೆ. ಈಗ ಒಂದು ನಂಬರ್ ಬಂತಲ್ಲ, ಹೇಳಿ.
ತಾಯಿ: ಅದು ನಂಬರ್ ಅಲ್ಲ ಕಣಪ್ಪ, ಒ.ಟಿ.ಪಿ. ನಾನು ಓದಿದೆ.
ಕರೆ ಮಾಡಿದವನು: ಬೇಗ ಹೇಳಿ, ಇಲ್ಲಾಂದ್ರೆ ದುಡ್ಡು ಹೋಗುತ್ತೆ.
ತಾಯಿ: ಹೇಳಿದ್ರೇ ಹೋಗೋದು. ನಾನೇ ಬ್ಯಾಂಕಿಗೆ ಬಂದು ಕೇಳ್ತೀನಿ. ಮಡಗು ಫೋನು.

ಮೂರು ಅಕ್ಷರ ಗುರುತಿಸಿದ್ದಕ್ಕೆ ಆ ತಾಯಿಯ ದುಡ್ಡು ಉಳಿಯಿತು. ಅಕಸ್ಮಾತ್ ಹಣ ಹೋಯಿತು ಅನ್ನಿ. ಅಳುತ್ತಾ ಕೂರಬೇಡಿ. ಮನೆಯವರು ಬೈತಾರೆ ಅಂತ ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಯ ದೂರು ಕೊಡುವ ಸರ್ಕಾರಿ ಸಹಾಯವಾಣಿ. ಎಷ್ಟು ಬೇಗ ತಿಳಿಸುತ್ತೀರೋ, ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಅಷ್ಟು ಹೆಚ್ಚು. ಬ್ಯಾಂಕಿಗೂ ತಿಳಿಸಿ.

ನೆನಪಿಡಿ

1. ಮೊಟಕು ಮಾತು ಅರ್ಥ ಆಗದಿದ್ದರೆ ಕಳಿಸಿದವರನ್ನೇ ಕೇಳಿ. 'ಬಿಡಿಸಿ ಬರಿ' ಅನ್ನಿ.
2. ಅರ್ಥ ಗೊತ್ತಿಲ್ಲದ ಗುರುತನ್ನು ನೀವು ಕಳಿಸಬೇಡಿ.
3. ಗೊತ್ತಿಲ್ಲದವರು ಕಳಿಸಿದ್ದನ್ನು ಒತ್ತಬೇಡಿ.
4. ಅವಸರ ಮಾಡಿಸಿ, ಹೆದರಿಸಿ ಕೇಳುವವರಿಗೆ ಯಾವ ಸಂಖ್ಯೆಯನ್ನೂ ಹೇಳಬೇಡಿ.

ಈಗ ನೀವು ಮಾಡಿ

1. :-( ಈ ಗುರುತಿನ ಅರ್ಥ ಏನು?
2. ಬ್ಯಾಂಕಿನ ಸಂದೇಶದಲ್ಲಿ ಸಿ.ಆರ್. ಮತ್ತು ಡಿ.ಆರ್. ಅಂದರೆ ಏನು? ನಿಮ್ಮ ಮೊಬೈಲಿನಲ್ಲಿ ಹುಡುಕಿ ತೋರಿಸಿ.
3. ಬೆಲೆ, ಬೆಳೆ, ಬೇಳೆ: ಈ ಮೂರೂ ಪದ ಬರುವ ಒಂದು ಸಂದೇಶವನ್ನು ಕನ್ನಡದಲ್ಲಿ ಬರೆದು ನಿಮ್ಮವರಿಗೆ ಕಳಿಸಿ.
4. ಈ ವಾರ ನಿಮ್ಮ ಮೊಬೈಲಿಗೆ ಬಂದ ಮೊಟಕು ಮಾತುಗಳನ್ನು ನೋಟ್ ಪುಸ್ತಕದಲ್ಲಿ ಬರೆಯಿರಿ. ಪಕ್ಕದಲ್ಲಿ ಪೂರಾ ಅರ್ಥ ಬರೆಯಿರಿ. ಗೊತ್ತಿಲ್ಲದ್ದನ್ನು ಮಕ್ಕಳಿಂದ ಕೇಳಿ ತುಂಬಿ. ಪಹಣಿಯ ಮೊಟಕು ಮಾತುಗಳನ್ನು ನೀವು ಅವರಿಗೆ ಹೇಳಿಕೊಡಿ.